ಕಣ್ಣು ಮುಚ್ಚಿದ ಸೂಲಗಿತ್ತಿ

ಗಂಡ ಸತ್ತ ಮನೆಗೆ ಜನ ಸಮಾಧಾನ ಹೇಳಲು ಬರುತ್ತಾರೆ. ವೆಲಿಕಾಳ ಮನೆಗೆ ಬಂದವರು ಕೆಲಸ ಕೊಟ್ಟು ಹೋದರು.

ಹೆರಿಗೆ ಮಾಡಿಸುವ ಕೆಲಸ. ಅದಕ್ಕೆ ಬೇಕಾದ ಯೋಗ್ಯತೆಯೆಲ್ಲ ಅವಳಿಗೆ ಇತ್ತು. ಮುಟ್ಟು ನಿಂತಿತ್ತು. ಗಂಡ ದೋಬ್ರಿ ಮಣ್ಣಿನಡಿ ಮಲಗಿದ್ದ. ಅವಳ ಅತ್ತೆ ತ್ಸೋನಾ ಸಾಯುವ ತನಕ ಊರಿನ ಸೂಲಗಿತ್ತಿಯಾಗಿದ್ದಳು. ದೋಲ್ನಾ ಸ್ಲಿವಾ ಊರಿನಲ್ಲಿ ಸೂಲಗಿತ್ತಿಯ ಕೈ ಅತ್ತೆಯಿಂದ ಸೊಸೆಗೆ ಬರುತ್ತದೆ. ಆದರೆ ಆ ಕೈ ಶುದ್ಧವಾಗಿರಬೇಕು. ಶುದ್ಧ ಎಂದರೆ ಮೈಯಿಂದ ರಕ್ತ ಹೋಗಬಾರದು, ಹಾಸಿಗೆಯಲ್ಲಿ ಗಂಡಸು ಇರಬಾರದು. ಕೆಲಸ ಗೊತ್ತಿರಬೇಕೆಂದು ಯಾರೂ ಹೇಳಿರಲಿಲ್ಲ.

ತ್ಸೋನಾ ಸತ್ತಾಗಲೇ ಹೆಂಗಸರು ಬಂದು ಕೇಳಿದ್ದರು. ಆಗ ವೆಲಿಕಾ ಗಂಡನನ್ನು ತೋರಿಸಿ ತಪ್ಪಿಸಿಕೊಂಡಿದ್ದಳು. ಅಂದಿನಿಂದ ಹೆರಿಗೆಗೆ ಪಕ್ಕದೂರಿನವಳನ್ನು ಕರೆಸುತ್ತಿದ್ದರು. ಅವಳು ಕೋಳಿ ಕೊಯ್ಯುವಾಗಲೂ ಕೊಟ್ಟಿಗೆಯ ಹಿಂದೆ ಹೋಗಿ ನಿಂತು, ಅಲ್ಲಿಂದಲೇ "ಮುಗೀತಾ" ಎಂದು ಕೇಳುವವಳು. ಬೆರಳಿಗೆ ಸೂಜಿ ಚುಚ್ಚಿದರೆ ಕೂತುಬಿಡುವವಳು. ಗಾಡಿಯ ಚಕ್ರ ಮಾಡುವ ದೋಬ್ರಿ ಅವಳಿಗೆ ಹೇಳುತ್ತಿದ್ದ: "ನಾನು ಬದುಕಿರೋ ತನಕ ನಿಂಗೆ ಭಯ ಇಲ್ಲ. ನಾನಿದ್ರೆ ನೀನು ಅಶುದ್ಧ."

ಅವನು ಹುಲ್ಲು ಕೊಯ್ಯುವ ಕಾಲದಲ್ಲಿ, ನಡು ಹೊಲದಲ್ಲಿ ಎದೆ ಹಿಡಿದುಕೊಂಡು ಕೂತ. ಆಮೇಲೆ ಏಳಲಿಲ್ಲ. ವೆಲಿಕಾ ಆ ದಿನದಿಂದ ಶುದ್ಧಳಾದಳು.

ನಲವತ್ತನೇ ದಿನದ ಕಾರ್ಯ ಮುಗಿದದ್ದೇ ತಡ, ಪಕ್ಕದ ಮನೆಯ ಸ್ತಾನಾ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಸೋಪು, ಟವೆಲು, ಒಂದು ದೊಡ್ಡ ರೊಟ್ಟಿ. ವೆಲಿಕಾಳ ಕೈಗೆ ನೀರು ಸುರಿದು ಅವಳನ್ನು ಸೂಲಗಿತ್ತಿ ಮಾಡುವುದಕ್ಕೆ.

"ವೆಲಿಕಕ್ಕ, ದೋಬ್ರಿಯಣ್ಣ ಹೋದದ್ದು ನಮಗೂ ಸಂಕಟಾನೇ," ಎಂದಳು ಸ್ತಾನಾ. "ಆದ್ರೆ ಈಗ ನಿನ್ ಹಾಸಿಗೆ ಖಾಲಿ. ಇನ್ನೇನು ನೆಪ ಹೇಳ್ತೀಯ?"

"ರಕ್ತ ಕಂಡ್ರೆ ನಂಗೆ ತಲೆ ತಿರುಗುತ್ತೆ."

"ತಿರುಗ್ಲಿ ಬಿಡು. ಹೆರೋಳು ನೀನಲ್ವಲ್ಲ."

"ನಂಗೆ ಏನೂ ಗೊತ್ತಿಲ್ಲ ಸ್ತಾನಾ."

"ಎರಡು ಹೆತ್ತಿಲ್ವಾ?"

ಹೆತ್ತಿದ್ದಳು. ಆದರೆ ಹೇಗೆ ಹೆತ್ತೆ ಎಂದು ಕೇಳಿದ್ದರೆ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಎರಡು ಸಲವೂ ಉದ್ದ ಅಂಗಿ ಮೈಮೇಲಿತ್ತು, ಅದರ ಮೇಲೆ ಲಂಗ, ಅದರ ಮೇಲೆ ಸೊಂಟಕ್ಕೆ ಕಟ್ಟುವ ಮುಂಗವಚ. ಮಗು ಎಲ್ಲಿಂದಲೋ ಬಂತು. ಪರದೆಯ ಹಿಂದಿನಿಂದ ಯಾರೋ ಕೊಟ್ಟ ಹಾಗೆ ಬಂತು. ಅವಳು ತನ್ನ ಮೈಯನ್ನು ಎಂದೂ ಪೂರ್ತಿ ನೋಡಿಕೊಂಡವಳಲ್ಲ. ಸ್ನಾನವೂ ಅಂಗಿ ಹಾಕಿಕೊಂಡೇ. ಸೊಂಟದ ಕೆಳಗೆ ಮೊಣಕಾಲಿನ ಮೇಲೆ ಇರುವುದಕ್ಕೆಲ್ಲ ಅವಳ ಬಾಯಲ್ಲಿ ಒಂದೇ ಹೆಸರು, "ಆ ಕಡೆ". ಹೊಟ್ಟೆ ನೋವಾದರೂ ಆ ಕಡೆ, ತೊಡೆಗೆ ಮುಳ್ಳು ಚುಚ್ಚಿದರೂ ಆ ಕಡೆ. ದೋಬ್ರಿ ಒಂದು ಸಲ, "ಆ ಕಡೆ ಅಂದ್ರೆ ಯಾವ ಕಡೆನೇ, ಬಾವಿ ಕಡೆನಾ?" ಎಂದು ಕೇಳಿ ಬೈಸಿಕೊಂಡಿದ್ದ.

ಅತ್ತೆ ತ್ಸೋನಾ ಅವಳಿಗೆ ಹೆರಿಗೆ ಮಾಡಿಸುವಾಗ ಲಂಗದೊಳಗೆ ಕೈ ಇಟ್ಟುಕೊಂಡು ಚಾವಣಿ ನೋಡುತ್ತಿದ್ದಳು. ನೋಡುತ್ತಾ ಉಣ್ಣೆಯ ಮಾತು, ಪಾದ್ರಿಯ ಹೆಂಡತಿಯ ಮಾತು ಆಡುತ್ತಿದ್ದಳು. ವೆಲಿಕಾ ಅದನ್ನೇ ವಿದ್ಯೆ ಎಂದುಕೊಂಡಳು. ಒಳ್ಳೆಯ ಸೂಲಗಿತ್ತಿ ನೋಡುವುದಿಲ್ಲ. ಮುದುಕಿಯ ಬೆರಳುಗಳೇ ಕಣ್ಣಿನ ಕೆಲಸ ಮಾಡುತ್ತಿದ್ದವು ಎನ್ನುವುದು ಅವಳ ತಲೆಗೆ ಹೋಗಲಿಲ್ಲ. ಅತ್ತೆಯಿಂದ ಅವಳು ಕಲಿತದ್ದು ಚಾವಣಿ ನೋಡುವುದನ್ನು ಮಾತ್ರ.

ಪಟ್ಟಣದಲ್ಲಿ ಆಸ್ಪತ್ರೆ ಇತ್ತು. ಅಲ್ಲಿ ಹೆಂಗಸನ್ನು ಕಬ್ಬಿಣದ ಮಂಚದ ಮೇಲೆ ಅಂಗಾತ ಮಲಗಿಸಿ ಗಂಡಸು ಡಾಕ್ಟರು ದೀಪ ಹಿಡಿದು ನೋಡುತ್ತಾನೆಂದು ಸುದ್ದಿ. ದೋಲ್ನಾ ಸ್ಲಿವಾದ ಹೆಂಗಸರು ಅದನ್ನು ಕೇಳಿ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಗಂಡನೇ ನೋಡದ್ದನ್ನು ಅವನು ನೋಡುವುದೇ. ಅದಕ್ಕಿಂತ ಸಾಯುವುದು ಮೇಲು ಎಂದು ಹೇಳಿ, ಕೆಲವರು ಹಾಗೆಯೇ ಸತ್ತೂ ಇದ್ದರು.

ಹೆಂಗಸರು ಕೈಗೆ ನೀರು ಸುರಿದರು. ವೆಲಿಕಾ ಅತ್ತಳು. ದೋಬ್ರಿಗಾಗಿ ಅಳುತ್ತಿದ್ದಾಳೆಂದು ಅವರು ತಿಳಿದರು. ಅರ್ಧ ಅದೂ ನಿಜ.

ಆಗ ಮನೆಯಲ್ಲೇ ಒಬ್ಬಳು ಬಸುರಿ ಇದ್ದಳು. ಸೊಸೆ ಕಾಲಿನಾ.

ಚಳಿಗಾಲದ ಕೊನೆಯಲ್ಲಿ, ಈಸ್ಟರಿನ ದೊಡ್ಡ ಉಪವಾಸಕ್ಕೆ ಮುಂಚೆ, ಮಗ ಮಿಂಚೊಗೆ ಅವಳನ್ನು ತಂದಿದ್ದರು. ಕುರುಬರ ಮನೆಯ ಹುಡುಗಿ, ಅಗಲ ಭುಜ, ಕೆಂಪು ಕೈ. ಬೇಸಿಗೆಯಲ್ಲಿ ಮಿಂಚೊನನ್ನು ಸರ್ಕಾರದವರು ಕಡ್ಡಾಯ ದುಡಿಮೆಗೆಂದು ರೈಲು ಹಳಿ ಹಾಕುವ ಕಡೆ ಕರೆದುಕೊಂಡು ಹೋದರು. ಮಾವ ಸತ್ತ. ಮನೆಯಲ್ಲಿ ಉಳಿದವರು ಅತ್ತೆ, ಸೊಸೆ. ಸೊಸೆಯ ಬಾಯಲ್ಲಿ ಒಂದು ಮಾತೂ ಇಲ್ಲ.

ಜಗಳವಲ್ಲ. ಹೊಸ ಸೊಸೆ ಅತ್ತೆ ಮಾವನ ಎದುರು ಬಾಯಿ ಬಿಡಬಾರದು. ಮಾವ ಒಂದು ದಿನ ನಾಲ್ಕು ಜನರನ್ನು ಕೂರಿಸಿ, ಅವಳಿಂದ ಕೈಗೆ ಮುತ್ತು ಪಡೆದು, "ಮಾತಾಡು ಮಗಳೇ, ನಿಂಗೆ ಮಾತು ಬಿಟ್ಟಿದೀನಿ" ಎನ್ನಬೇಕು. ಅಲ್ಲಿಯ ತನಕ ಕೈಸನ್ನೆ, ಕಣ್ಸನ್ನೆ. ವೆಲಿಕಾ ತಾನು ಸೊಸೆಯಾಗಿ ಬಂದಾಗ ಒಂದಿಡೀ ವರ್ಷ ಹೀಗೆ ಕಳೆದಿದ್ದಳು. ಮಾತು ಸಿಕ್ಕ ದಿನ ಏನು ಹೇಳಬೇಕೆಂದೇ ತೋಚದೆ "ಮಳೆ ಬರೋ ಹಾಗಿದೆ" ಎಂದಿದ್ದಳು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ದೋಬ್ರಿ ಅಕ್ಟೋಬರಿನಲ್ಲಿ ದಿಮಿತ್ರಿ ಹಬ್ಬದ ದಿನ ಕಾಲಿನಾಳಿಗೆ ಮಾತು ಬಿಡುವುದೆಂದು ಇಟ್ಟುಕೊಂಡಿದ್ದ. ಅವನೇ ಇಲ್ಲವಾದ ಮೇಲೆ ಆ ಕೆಲಸ ಅತ್ತೆಯದು. ಹಬ್ಬ ಬಂತು, ಹೋಯಿತು. ವೆಲಿಕಾ ಬಿಡಲಿಲ್ಲ.

"ಯಾಕಕ್ಕ, ಹುಡುಗಿ ಬಾಯಿಗೆ ಬೀಗ ಹಾಕಿ ಎಷ್ಟು ದಿನ ಇಡ್ತೀಯ?" ಎಂದು ಸ್ತಾನಾ ಬೇಲಿಯ ಆಚೆಯಿಂದ ಕೇಳಿದಳು.

"ಸೂತಕದ ಮನೇಲಿ ಅದೆಲ್ಲ ಮಾಡಬಾರದು. ವರ್ಷ ಕಳೀಲಿ."

ಅದು ಊರಿಗೆ ಹೇಳಿದ ಕಾರಣ. ಒಳಗಿನದು ಬೇರೆ. ದೋಬ್ರಿ ಮಾಡಬೇಕೆಂದುಕೊಂಡು ಬಿಟ್ಟುಹೋದ ಕೆಲಸ ಅದೊಂದೇ. ಮಿಕ್ಕ ಚಕ್ರಗಳನ್ನೆಲ್ಲ ಮುಗಿಸಿಯೇ ಹೋಗಿದ್ದ. ಈ ಕೆಲಸ ಬಾಕಿ ಇರುವ ತನಕ ಅವನು ಎಲ್ಲೋ ಹೊಲದ ಕಡೆ ಹೋಗಿದ್ದಾನೆ, ಬರುತ್ತಾನೆ ಎಂದು ಅವಳ ಮನಸ್ಸು ಹೇಳುತ್ತಿತ್ತು. ತಾನು ಮಾಡಿಬಿಟ್ಟರೆ ಅವನ ಜಾಗಕ್ಕೆ ಮಣ್ಣು ಹಾಕಿದ ಹಾಗೆ. ಇದು ಬುದ್ಧಿ ಇರುವವರ ಯೋಚನೆಯಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು. ಬುದ್ಧಿ ಇದ್ದಿದ್ದರೆ ಸೂಲಗಿತ್ತಿ ಆಗುತ್ತಿದ್ದಳೇ.

ಹೀಗಾಗಿ ಎಷ್ಟನೇ ತಿಂಗಳು ಎಂದು ಅತ್ತೆ ಕೇಳಿದರೂ ಸೊಸೆ ಹೇಳುವ ಹಾಗಿಲ್ಲ. ಕೇಳಲು ವೆಲಿಕಾಳ ನಾಲಗೆಯೂ ಆ ಕಡೆ ಹೊರಳುತ್ತಿರಲಿಲ್ಲ. ಅವಳು ತಾನೇ ಲೆಕ್ಕ ಹಾಕಿದಳು. ಮದುವೆಯಾದ ತಕ್ಷಣವೇ ಬಸುರಾಗುವಷ್ಟು ಆತುರ ತನ್ನ ಮಗನಿಗೆ ಇದೆಯೆಂದು ಯಾವ ತಾಯಿಯೂ ಲೆಕ್ಕ ಹಾಕುವುದಿಲ್ಲ. ಮರ್ಯಾದೆಗೆಂದು ಒಂದೆರಡು ತಿಂಗಳು ಬಿಟ್ಟು ಎಣಿಸಿದಳು. ಹೊಸ ವರ್ಷ ಕಳೆದ ಮೇಲೆ ಹೆರಿಗೆ ಎಂದು ಬಂತು. ಅಷ್ಟರೊಳಗೆ ಯಾವುದಾದರೂ ಕಾಯಿಲೆ ಬಂದು ತಾನು ಮಲಗಿಬಿಟ್ಟರೆ ಬೇರೆ ಊರಿನವಳನ್ನು ಕರೆಯಬಹುದು ಎಂದು ದೇವರ ಪಟದ ಮುಂದೆ ಕೇಳಿಕೊಳ್ಳುತ್ತಿದ್ದಳು.

ನವೆಂಬರಿನಲ್ಲಿ ಎಲೆಕೋಸು ಉಪ್ಪು ನೀರಿಗೆ ಹಾಕುವ ದಿನ ಬಂತು. ಚಳಿಗಾಲ ಪೂರ್ತಿ ತಿನ್ನುವುದು ಅದನ್ನೇ. ಬೆಳಿಗ್ಗೆಯಿಂದ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಪೀಪಾಯಿಯ ಸುತ್ತ ನಿಂತಿದ್ದರು. ವೆಲಿಕಾ ದಂಟು ಕೊರೆದು ಕೊಡುವುದು, ಕಾಲಿನಾ ಉಪ್ಪು ತುಂಬಿ ಒಳಗೆ ಜೋಡಿಸುವುದು. ಮಧ್ಯೆ ಮಧ್ಯೆ ಹುಡುಗಿ ಪೀಪಾಯಿಯ ಅಂಚು ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು. ಮತ್ತೆ ಕೆಲಸ ಮಾಡುವಳು. ಮತ್ತೆ ನಿಲ್ಲುವಳು.

"ನಿಂತ್ಕೊಂಡು ನಿದ್ದೆ ಮಾಡ್ಬೇಡ," ಎಂದಳು ವೆಲಿಕಾ. "ನಿನ್ನ ವಯಸ್ಸಲ್ಲಿ ನಾನು ಎರಡು ಪೀಪಾಯಿ ಒಬ್ಳೇ ತುಂಬಿಸ್ತಿದ್ದೆ."

ಕಾಲಿನಾ ಇನ್ನೊಂದು ಕೋಸು ಎತ್ತಿಕೊಂಡಳು.

"ಮುಖ ಯಾಕೆ ಹಾಗ್ ಮಾಡ್ತೀಯ? ಉಪ್ಪು ಕಣ್ಣಿಗೆ ಹೋಯ್ತಾ?"

ಹುಡುಗಿ ತಲೆಗೆ ಕಟ್ಟಿದ ಬಟ್ಟೆಯ ಚುಂಗು ತೆಗೆದು ಹಲ್ಲಿನ ನಡುವೆ ಕಚ್ಚಿದಳು. ಹೆರಿಗೆ ನೋವು ಬಂದದ್ದನ್ನು ಯಾರಿಗೂ ತೋರಿಸಬಾರದು. ಎಷ್ಟು ಜನಕ್ಕೆ ಗೊತ್ತಾಗುತ್ತದೋ ಅಷ್ಟು ಹೊತ್ತು ನೋವು ಬೆಳೆಯುತ್ತದೆ ಎಂದು ಅಲ್ಲಿಯ ಪ್ರತಿ ತಾಯಿ ಮಗಳಿಗೆ ಹೇಳಿ ಕಳಿಸಿರುತ್ತಾಳೆ. ಕೊನೆಯ ಗಳಿಗೆಯಲ್ಲಿ ಸೂಲಗಿತ್ತಿಗೆ ಮಾತ್ರ ಹೇಳಬೇಕು. ಕಾಲಿನಾಳ ಸೂಲಗಿತ್ತಿ ಎದುರಿಗೇ ನಿಂತು ಕೋಸಿನ ದಂಟು ಕೊರೆಯುತ್ತಿದ್ದಳು. ಆದರೆ ಅವಳು ಅತ್ತೆಯೂ ಹೌದು. ಅತ್ತೆಗೆ ಹೇಳುವ ಹಾಗಿಲ್ಲ.

ಪೀಪಾಯಿ ಮುಕ್ಕಾಲು ತುಂಬಿದಾಗ ಕಾಲಿನಾಳ ಕಾಲ ಬಳಿ ನೀರು ಹರಿಯಿತು.

"ಉಪ್ಪುನೀರು ಚೆಲ್ಲಿಬಿಟ್ಯಲ್ಲೇ," ಎಂದು ವೆಲಿಕಾ ಒರೆಸುವ ಬಟ್ಟೆ ತಂದು ಬಗ್ಗಿ ಒರೆಸತೊಡಗಿದಳು. ಬಗ್ಗಿದ್ದವಳು ತಲೆ ಎತ್ತಿ ಪೀಪಾಯಿ ನೋಡಿದಳು. ಪೀಪಾಯಿಗೆ ಇನ್ನೂ ನೀರು ಹಾಕಿಯೇ ಇರಲಿಲ್ಲ.

ಆಗ ಅವಳಿಗೆ ತಿಳಿಯಿತು. ಊರಿನ ಸೂಲಗಿತ್ತಿ ತನ್ನ ಅಡುಗೆಮನೆಯಲ್ಲೇ ಅರ್ಧ ದಿನದ ನೋವು ನೋಡಿ, ಹುಡುಗಿಗೆ ಸೋಮಾರಿ ಎಂದು ಬೈದಿದ್ದಳು.

"ಅಯ್ಯೋ ದೇವರೇ. ಬಂದ್ಬಿಡ್ತಾ?"

ಕಾಲಿನಾ ಗಡಿಗೆ ನೇತುಹಾಕಲು ಒಲೆಯ ಮೇಲೆ ತೂಗುಬಿಟ್ಟ ಕಬ್ಬಿಣದ ಸರಪಳಿ ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದಳು. ಬಾಯಲ್ಲಿ ಬಟ್ಟೆ ಇತ್ತು.

ಹೆರಿಗೆಯ ಮನೆಯಲ್ಲಿ ಕಟ್ಟಿದ್ದನ್ನೆಲ್ಲ ಬಿಚ್ಚಬೇಕು, ಮುಚ್ಚಿದ್ದನ್ನೆಲ್ಲ ತೆರೆಯಬೇಕು. ಇದೊಂದು ವೆಲಿಕಾಳಿಗೆ ಚೆನ್ನಾಗಿ ಗೊತ್ತಿತ್ತು. ಇದರಲ್ಲಿ ರಕ್ತ ಇರಲಿಲ್ಲ. ಅವಳು ಓಡಾಡಿದಳು. ಪೆಟ್ಟಿಗೆಯ ಬೀಗ ತೆಗೆದಳು. ಸೊಸೆಯ ಜಡೆ ಬಿಚ್ಚಿದಳು. ತನ್ನ ಜಡೆಯನ್ನೂ ಬಿಚ್ಚಿದಳು. ಹಿಟ್ಟಿನ ಚೀಲದ ಬಾಯಿ, ಉಪ್ಪಿನ ಡಬ್ಬಿ, ಕಿಟಕಿ, ಮಜ್ಜಿಗೆ ಗಡಿಗೆ. ಹೊರಗೆ ಹೋಗಿ ಕೊಟ್ಟಿಗೆಯ ಬಾಗಿಲು ತೆಗೆದಳು, ಕೋಳಿಗೂಡು ತೆಗೆದಳು, ಹಂದಿದೊಡ್ಡಿಯ ಅಗುಳಿ ತೆಗೆದಳು. ಅಂಗಳದ ಬಾಗಿಲು ಆಗಲೇ ತೆಗೆದಿತ್ತು. ಕ್ರಿಸ್ಮಸ್ಸಿಗೆಂದು ಕೊಬ್ಬಿಸಿದ್ದ ಹಂದಿ ಅವಳನ್ನು ಒಂದು ಸಲ ನೋಡಿ ಊರೊಳಗೆ ಹೊರಟುಹೋಯಿತು.

ತೆರೆಯಲು ಮತ್ತೇನೂ ಉಳಿಯಲಿಲ್ಲ. ಒಳಗೆ ಬರಲೇಬೇಕಾಯಿತು.

ಸೊಸೆಯ ಮುಂದೆ ಮಂಡಿಯೂರಿ, ಲಂಗದೊಳಗೆ ಕೈ ಇಟ್ಟು, ಕಣ್ಣು ಬಿಗಿಯಾಗಿ ಮುಚ್ಚಿ ಮುಖವನ್ನು ಚಾವಣಿಯ ಕಡೆ ಎತ್ತಿದಳು. ಉಣ್ಣೆಯ ವಿಷಯ ಮಾತಾಡೋಣವೆಂದು "ಈ ವರ್ಷದ ಉಣ್ಣೆ" ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟಳು. ಕೈಗೆ ಏನೋ ಬಿಸಿ, ಏನೋ ಜಾರುವಂಥದು ತಾಕಿತು. ತಾಯಿ ಮರಿಯಾ ಎಂದುಕೊಂಡಳು. ಕೈ ಹಿಂದಕ್ಕೆ ತೆಗೆದಳು. ಮತ್ತೆ ಇಟ್ಟಳು.

ಹೊತ್ತು ಹೋಯಿತು. ಏನೂ ಮುಂದೆ ಸಾಗಲಿಲ್ಲ. ಹುಡುಗಿಯ ಮೈ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ನೋವು ಬಂದಾಗಲೆಲ್ಲ ಅವಳು ಕೂಗನ್ನು ಬಟ್ಟೆಯ ಜೊತೆ ಒಳಕ್ಕೆ ನುಂಗುತ್ತಿದ್ದಳು. ಕೂಗಿನ ಹಿಂದೆಯೇ ಮಗುವೂ ಮೇಲಕ್ಕೆ ಹೋಗುತ್ತಿತ್ತೋ ಏನೋ. ವೆಲಿಕಾ ಒಂದು ಕಣ್ಣು ಅರ್ಧ ತೆರೆದು ಸೊಸೆಯ ಮುಖ ನೋಡಿದಳು. ತುಟಿ ನೀಲಿಯಾಗಿತ್ತು. ಬಾಯಲ್ಲಿದ್ದ ಬಟ್ಟೆಗೆ ಹಲ್ಲು ಕಚ್ಚಿ ರಕ್ತ ಹತ್ತಿತ್ತು.

ಆ ರಕ್ತ ನೋಡಿ ಅವಳು ಬೀಳಲಿಲ್ಲ. ಯಾಕೆ ಎಂದು ಆಮೇಲೂ ಅವಳಿಗೆ ಗೊತ್ತಾಗಲಿಲ್ಲ. ಈ ಹುಡುಗಿ ಸಾಯುತ್ತಾಳೆ ಎನ್ನುವುದೊಂದೇ ತಲೆಯಲ್ಲಿತ್ತು. ಸತ್ತರೂ ಮರ್ಯಾದೆಯಿಂದ, ಸದ್ದಿಲ್ಲದೆ ಸಾಯುತ್ತಾಳೆ. ದೋಬ್ರಿಯನ್ನು ಇನ್ನೂ ಹೊಲದಲ್ಲೇ ಇಟ್ಟುಕೊಳ್ಳಲು ತಾನು ಈ ಬಾಯಿಯನ್ನು ಮುಚ್ಚಿಟ್ಟಿದ್ದೇನೆ. ಕೋಳಿಗೂಡನ್ನು ಕೂಡ ತೆರೆದವಳು ಇದೊಂದನ್ನು ತೆರೆದಿಲ್ಲ.

ಅವಳು ಸೊಸೆಯ ಬಾಯಿಂದ ಬಟ್ಟೆ ಎಳೆದು ಬಿಸಾಡಿದಳು. ತನ್ನ ಕೈಯನ್ನು ಅವಳ ತುಟಿಗೆ ಒತ್ತಿದಳು.

"ಮುತ್ತು ಕೊಟ್ಟಿದ್ದಾಯ್ತು. ಮಾತಾಡು ಮಗಳೇ, ನಿಂಗೆ ಮಾತು ಬಿಟ್ಟಿದೀನಿ. ಕೂಗು. ಊರಿಗೆಲ್ಲ ಕೇಳ್ಲಿ."

ಕಾಲಿನಾ ಉಸಿರೆಳೆದುಕೊಂಡಳು. ಅತ್ತೆಯ ಎದುರು ಅವಳ ಬಾಯಿಂದ ಬಂದ ಮೊದಲ ಮಾತು ಇದು:

"ಕಣ್ ಬಿಡ್ರೀ ಅತ್ತೆ. ಕಣ್ ಮುಚ್ಕೊಂಡು ಏನ್ ಹಿಡೀತೀರಾ ನೀವು?"

ಆಮೇಲೆ ಕೂಗಿದಳು. ಕುರುಬರ ಹುಡುಗಿ, ಗುಡ್ಡದಿಂದ ಗುಡ್ಡಕ್ಕೆ ಕೂಗಿ ಬೆಳೆದವಳು. ಚಾವಣಿಯಿಂದ ಮಸಿ ಉದುರಿತು. ಕೂಗಿನ ನಡುವೆ ಅತ್ತೆಯನ್ನು ಬೈದಳು, ಕೋಸನ್ನು ಬೈದಳು, ರೈಲು ಹಳಿ ಹಾಕಲು ಹೋದ ಮಿಂಚೊನನ್ನು ಅವನ ತಾಯಿಯ ಎದುರೇ ಕುರಿ ಎಂದಳು, ನಾಯಿ ಎಂದಳು.

"ಬೈಯಿ, ಬೈಯಿ," ಎಂದಳು ವೆಲಿಕಾ. "ಅವನು ಅಂಥೋನೇ."

"ಲಂಗ ಎತ್ರೀ ಅತ್ತೆ. ಏನೂ ಕಾಣ್ದೆ ಹೇಗೆ ಹಿಡೀತೀರಾ."

"ನಾಚಿಕೆ ಆಗಲ್ವೇನೇ ನಿಂಗೆ."

"ಈಗ ನಾಚಿಕೆ ಕಟ್ಕೊಂಡು ಏನ್ ಮಾಡ್ಲಿ?"

ವೆಲಿಕಾ ಲಂಗ ಎತ್ತಿದಳು. ನೋಡಿದಳು.

ಎರಡು ಹೆತ್ತು, ಒಂದನ್ನು ಮಣ್ಣು ಮಾಡಿ, ಮುಟ್ಟೂ ನಿಂತ ಮೇಲೆ ಅವಳು ಅದನ್ನು ಮೊದಲ ಸಲ ನೋಡುತ್ತಿದ್ದಳು. ಪಾದ್ರಿ ಅದನ್ನು ಪಾಪದ ಬಾಗಿಲು ಎಂದಿದ್ದ. ಹೆತ್ತವಳು ನಲವತ್ತು ದಿನ ಚರ್ಚಿಗೆ ಬರಬಾರದು, ಬಾವಿ ಮುಟ್ಟಬಾರದು ಎಂದಿದ್ದ. ಅಲ್ಲಿ ಪಾಪ ಎಲ್ಲೂ ಕಾಣಲಿಲ್ಲ. ಒಂದು ತಲೆ ಕಂಡಿತು. ಒದ್ದೆ ಕೂದಲು, ಸುಕ್ಕು ಹಣೆ. ದೋಬ್ರಿ ಕೋಪ ಬಂದಾಗ ಮಾಡುತ್ತಿದ್ದ ಹಣೆಯೇ. ಇಷ್ಟಕ್ಕೇನಾ ನಾನು ಇಷ್ಟು ವರ್ಷ ಆ ಕಡೆ, ಆ ಕಡೆ ಎಂದದ್ದು ಎಂದುಕೊಂಡಳು. ಇನ್ನೂ ಏನೋ ಅಂದುಕೊಳ್ಳುವಷ್ಟರಲ್ಲಿ ಮಗು ಅವಳ ಕೈಗೆ ಜಾರಿ ಬಂತು. ಕೈಯಿಂದಲೂ ಜಾರುತ್ತಿತ್ತು. ಕಪ್ಪು ಮುಂಗವಚದಲ್ಲಿ ಹಿಡಿದುಕೊಂಡಳು.

ಹೆಣ್ಣು. ಅಜ್ಜಿಯ ಮುಖ ನೋಡಿದ ತಕ್ಷಣ ಅತ್ತಿತು.

ಹೊಕ್ಕುಳ ಬಳ್ಳಿ ಕಟ್ಟಿ ಕೊಯ್ದದ್ದೂ ವೆಲಿಕಾಳೇ. ಅಲ್ಲಿಯ ತನಕ ಎಲ್ಲ ಸರಿಯಾಗಿ ಮಾಡಿದಳು. ಮಗುವನ್ನು ತಾಯಿಯ ಎದೆಗೆ ಕೊಟ್ಟು, ತನ್ನ ಎರಡು ಕೈ ನೋಡಿಕೊಂಡಳು. ಮೊಣಕೈ ತನಕ ಕೆಂಪು. ಹಾಗೇ ಹಿಂದಕ್ಕೆ ಕೋಸಿನ ರಾಶಿಯ ಮೇಲೆ ಬಿದ್ದಳು.

ಸ್ತಾನಾ ಹಂದಿಯ ಕಿವಿ ಹಿಡಿದು ಎಳೆದುಕೊಂಡು ಬಂದಳು. ಹಂದಿ ಊರಲ್ಲಿ ತಿರುಗುತ್ತಿದೆ ಎಂದರೆ ವೆಲಿಕಾಳ ಮನೆಯಲ್ಲಿ ಅಗುಳಿ ತೆಗೆದಿದ್ದಾರೆ, ಅಗುಳಿ ತೆಗೆದಿದ್ದಾರೆ ಎಂದರೆ ಹೆರಿಗೆ ಎಂದು ಊರಿಗೆ ಊರೇ ತಿಳಿದುಕೊಂಡಿತ್ತು. ಕೂಗು ಕೇಳಿದ್ದು ಆಮೇಲೆ. ಬಾಗಿಲಲ್ಲಿ ನಿಂತು ನೋಡಿದರೆ ಬಾಣಂತಿ ಒಂದು ಕೈಯಲ್ಲಿ ಕೂಸು ಹಿಡಿದು, ಇನ್ನೊಂದು ಕೈಯಲ್ಲಿ ಸೂಲಗಿತ್ತಿಯ ಬಾಯಿಗೆ ಪ್ಲಮ್ ಹಣ್ಣಿನ ಸಾರಾಯಿ ಹಾಕುತ್ತಿದ್ದಳು.

"ಇದರಲ್ಲಿ ಹೆತ್ತೋಳು ಯಾರು?" ಎಂದಳು ಸ್ತಾನಾ.

"ನಾನೇ ಚಿಕ್ಕಮ್ಮ. ನಮ್ಮತ್ತೆಗೆ ಸ್ವಲ್ಪ ಕಷ್ಟ ಆಯ್ತು," ಎಂದಳು ಕಾಲಿನಾ.

ಈ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು. ವೆಲಿಕಾ ಅದನ್ನು ತಡೆಯಲು ಹೋಗಲಿಲ್ಲ. ಕೇಳಿದವರಿಗೆ ತಾನೇ ಇನ್ನೂ ನಾಲ್ಕು ಮಾತು ಸೇರಿಸಿ ಹೇಳಿದಳು. ಮುಂದೆ ಅವಳು ಆ ಊರಿನಲ್ಲಿ ಬಹಳ ಮಕ್ಕಳನ್ನು ಹಿಡಿದಳು. ಕಣ್ಣು ಬಿಟ್ಟೇ ಹಿಡಿದಳು. ಎಲ್ಲ ಮುಗಿದ ಮೇಲೆ ಒಂದು ಸಲ ಬೀಳುವುದು ಮಾತ್ರ ಬಿಡಲಿಲ್ಲ. ಹೆಂಗಸರಿಗೆ ಅದೂ ಅಭ್ಯಾಸವಾಯಿತು. ನೋವು ಬಂದ ಮನೆಯಲ್ಲಿ ಬಿಸಿನೀರು, ಬಟ್ಟೆ, ದಾರದ ಜೊತೆಗೆ ಸೂಲಗಿತ್ತಿಗೊಂದು ದಿಂಬು ಇಡುವುದು ರೂಢಿಯಾಯಿತು.

ಕಾಲಿನಾ ಬಾಣಂತನದಲ್ಲಿ ಒಲೆಯ ಪಕ್ಕ ಮಲಗಿ ಮಾತಾಡಿದಳು. ತಿಂಗಳುಗಟ್ಟಲೆ ಕೂಡಿಟ್ಟದ್ದೆಲ್ಲ ಹೊರಗೆ ಬಂತು. ಕೋಸಿಗೆ ಉಪ್ಪು ಜಾಸ್ತಿ ಹಾಕ್ತೀರಿ ಅತ್ತೆ. ಬಾಗಿಲು ಕಿರುಗುಟ್ಟುತ್ತೆ, ಎಣ್ಣೆ ಬಿಡಿ ಅತ್ತೆ. ನೀವು ನಿದ್ದೆಯಲ್ಲಿ ಗೊರಕೆ ಹೊಡೀತೀರಿ ಅತ್ತೆ. ಇದಕ್ಕಿಂತ ಮೂಗಿ ಸೊಸೆಯೇ ಮೇಲಾಗಿದ್ದಳು ಎಂದು ವೆಲಿಕಾ ಸ್ತಾನಾಳಿಗೆ ಹೇಳಿ ಬಂದು, ಮತ್ತೆ ಒಲೆಯ ಪಕ್ಕ ಕೂತು ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಉಣ್ಣೆ ಬಿಡಿಸುತ್ತಾ ವೆಲಿಕಾ ಅಂದಳು: "ನಿಮ್ಮ ಮಾವನೇ ನಿಂಗೆ ಮಾತು ಬಿಡಬೇಕಿತ್ತು. ಅವನಿಗೆ ಆ ಆಸೆ ಇತ್ತು. ನಾನು ಅವನ ಕೆಲಸ ಕಿತ್ಕೊಂಡೆ."

ಕಾಲಿನಾ ಮಗುವಿನ ತಲೆ ಸವರುತ್ತಾ ಸುಮ್ಮನಿದ್ದಳು. ಅವಳು ಸುಮ್ಮನಿರುವುದು ಈಗ ಅಪರೂಪ. ವೆಲಿಕಾ ತಲೆ ಎತ್ತಿದಳು.

"ಏನೇ?"

"ಹೇಳ್ಬೇಡ ಅಂದಿದ್ರು ಮಾವ."

"ಏನ್ ಹೇಳ್ಬೇಡ ಅಂದಿದ್ದ?"

"ಮಾವ ನಂಗೆ ಮಾತು ಬಿಟ್ಟಿದ್ರು ಅತ್ತೆ. ಬಂದ ಒಂದು ವಾರಕ್ಕೇ. ಕೊಟ್ಟಿಗೇಲಿ. ಇಬ್ರೇ ಇರುವಾಗ ಮಾತಾಡು, ನಿಮ್ಮತ್ತೆ ಎದುರು ಮಾತ್ರ ಬೇಡ, ಅವಳಿಗೆ ರೂಢಿ ಅಂದ್ರೆ ಪ್ರಾಣ ಅಂದಿದ್ರು. ದಿನಾ ಹಾಲು ಕರೆಯುವಾಗ ಮಾತಾಡ್ತಿದ್ವಿ."

ವೆಲಿಕಾಳ ಕೈಯಲ್ಲಿದ್ದ ಉಣ್ಣೆ ಹಾಗೇ ನಿಂತಿತು. ಅವನು ಬಂದು ಮಾಡಲಿ ಎಂದು ತಾನು ಕಾಯುತ್ತಾ ಕೂತಿದ್ದ ಕೆಲಸವನ್ನು ಅವನು ಬದುಕಿರುವಾಗಲೇ ತನ್ನ ಬೆನ್ನ ಹಿಂದೆ ಮುಗಿಸಿಬಿಟ್ಟಿದ್ದ. ಹೊಲದಲ್ಲಿ ಯಾರೂ ಇರಲಿಲ್ಲ. ಬೇಸಿಗೆಯಿಂದಲೂ ಇರಲಿಲ್ಲ.

"ನನ್ನ ಬಗ್ಗೆ ಏನಾದ್ರೂ ಅಂದಿದ್ನಾ?" ಎಂದು ಕೇಳಿದಳು.

"ಬೇಜಾರ್ ಮಾಡ್ಕೊಬಾರ್ದು."

"ಮಾಡ್ಕೊಳಲ್ಲ. ಹೇಳು."

"ನಿಮ್ಮತ್ತೆ ರಕ್ತ ಕಂಡ್ರೆ ಬೀಳ್ತಾಳೆ, ನಿನ್ನ ಹೆರಿಗೆಗೆ ಪಕ್ಕದೂರಿನವಳನ್ನ ಮೊದ್ಲೇ ಕರೆಸ್ಕೊ ಅಂದಿದ್ರು."

"ಮತ್ಯಾಕೆ ಕರೆಸಲಿಲ್ಲ?"

"ಹೇಗೆ ಕರೆಸ್ಲಿ ಅತ್ತೆ? ನಿಮ್ಮೆದುರು ನಂಗೆ ಮಾತಿರಲಿಲ್ವಲ್ಲ."

ಗಂಡ ಸತ್ತ ವರ್ಷ ಹೆಂಗಸು ನಗಬಾರದು. ವೆಲಿಕಾ ತಲೆಗೆ ಕಟ್ಟಿದ ಕಪ್ಪು ಬಟ್ಟೆಯ ಚುಂಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗಿತು, ಕಣ್ಣಲ್ಲಿ ನೀರು ಬಂತು. ಯಾವುದರ ನೀರು ಎಂದು ಅವಳು ನೋಡಲು ಹೋಗಲಿಲ್ಲ. ಸಾಕಷ್ಟು ಹೊತ್ತಾದ ಮೇಲೆ ಬಟ್ಟೆ ತೆಗೆದು ಮುಖ ಒರೆಸಿಕೊಂಡು, ಉಣ್ಣೆ ಪಕ್ಕಕ್ಕಿಟ್ಟು, ಸೊಸೆಯ ಹತ್ತಿರ ಸರಿದು ಕೂತಳು.

"ಇನ್ನೇನು ಹೇಳ್ತಿದ್ದ? ಮೊದಲಿಂದ ಹೇಳು."